ಪದಚರ್ಚೆ: ಸ್ಪೆಲ್‌ಬುಕ್, ಪ್ರಿಪೇರ್, ಸ್ಲಾಟ್, ಇವಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ವಿಝರ್ಡ್ (ಮಾಂತ್ರಿಕ) ಪಾತ್ರಕ್ಕೆ ಒಂದೇ ಪುಟದ ಕನ್ನಡ ನಿಯಮಪತ್ರ ಮಾಡುತ್ತಿದ್ದೇನೆ. ನಾಳೆ ಸಂಜೆಗೆ ಅಚ್ಚಾಗಿ ಮೇಜಿನ ಮೇಲಿರಬೇಕು, ಆಡುವವರಲ್ಲಿ ಇಬ್ಬರಿಗೆ ಇದೇ ಮೊದಲ ಆಟ. 2014ರ ನಿಯಮಗಳನ್ನು ಹಿಡಿದಿದ್ದೇನೆ. ಅದರ ಮೂಲ ನಿಯಮಾವಳಿ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಂದಿದೆ, ಹಾಗಾಗಿ ಅನುವಾದ ಮಾಡಿ ಹಂಚಲು ತೊಂದರೆ ಇಲ್ಲ. ನಾನು ಸಿಕ್ಕಿಹಾಕಿಕೊಂಡಿರುವುದು ಪದಗಳಲ್ಲಿ.

5ನೇ ಮಟ್ಟದ ವಿಝರ್ಡ್, ಬುದ್ಧಿಯ ಅಂಕ 16 ಎಂದಿಟ್ಟುಕೊಳ್ಳಿ. ಶುರುವಿನಲ್ಲಿ 6 ಮಂತ್ರ, ಆಮೇಲೆ ಮಟ್ಟಕ್ಕೆ ಎರಡರಂತೆ ಸೇರಿ ಅವನ ಪುಸ್ತಕದಲ್ಲಿ, ಅಂದರೆ ಸ್ಪೆಲ್‌ಬುಕ್‌ನಲ್ಲಿ, ಕನಿಷ್ಠ 14 ಮಂತ್ರ ಇರುತ್ತವೆ. ಚೆನ್ನಾಗಿ ನಿದ್ದೆ ಮಾಡಿ ಎದ್ದ ಮೇಲೆ ಅವುಗಳಲ್ಲಿ 8ನ್ನು ಆ ದಿನಕ್ಕೆಂದು ಆರಿಸಿ ಪ್ರಿಪೇರ್ ಮಾಡಿಕೊಳ್ಳುತ್ತಾನೆ. ಅವನ್ನು ಪ್ರಯೋಗಿಸಲು 9 ಸ್ಲಾಟ್ ಇರುತ್ತವೆ, ಒಂದೊಂದು ಪ್ರಯೋಗಕ್ಕೆ ಒಂದೊಂದು ಖರ್ಚು. 14, 8, 9 ಮೂರೂ ಬೇರೆ ಬೇರೆ ಲೆಕ್ಕ. ಹೊಸಬರು ತಪ್ಪುವುದು ಇಲ್ಲೇ. ಇವು ಬೆರೆಯದಂಥ ಪದಗಳು ಬೇಕು. ಬೇಗ ಹೇಳಿ.

ಮರು: ಸ್ಪೆಲ್‌ಬುಕ್, ಪ್ರಿಪೇರ್, ಸ್ಲಾಟ್

ಮಾಟದ ಹೊತ್ತಗೆ. ಇನ್ನೇನು ಬೇಕು?

ಆಡು-ಆಟ, ನೋಡು-ನೋಟ, ಕೂಡು-ಕೂಟ, ಹಾಗೇ ಮಾಡು-ಮಾಟ. ಮಾಡಿದ್ದೇ ಮಾಟ. ಇಷ್ಟು ಸೊಗಸಾದ ಅಚ್ಚಗನ್ನಡ ಪದ ಕೈಯಲ್ಲಿದ್ದೂ ಮಂತ್ರ, ತಂತ್ರ, ಇಂದ್ರಜಾಲ ಎಂದು ಸಂಸ್ಕೃತದ ಬಾಗಿಲು ತಟ್ಟುವುದೇಕೆ? ವಿಝರ್ಡ್ ಅಂದರೆ ಮಾಟಗಾರ. ಪ್ರಿಪೇರ್ ಮಾಡು ಅನ್ನುವುದಕ್ಕೆ ಅಣಿಮಾಡು. ಸ್ಲಾಟಿಗೆ ಗೂಡು. ಎಲ್ಲ ಕನ್ನಡವೇ, ಎಲ್ಲ ಚಿಕ್ಕವೇ, ಪುಟದಲ್ಲಿ ಜಾಗವೂ ಉಳಿಯುತ್ತದೆ.

ಮರು: ಸ್ಪೆಲ್‌ಬುಕ್, ಪ್ರಿಪೇರ್, ಸ್ಲಾಟ್

> ಎಲ್ಲ ಕನ್ನಡವೇ

ಅಲ್ಲ. ಹೊತ್ತಗೆ ಪುಸ್ತಕದ ತದ್ಭವ. ಪುಸ್ತಕ, ಪೊತ್ತಗೆ, ಹೊತ್ತಗೆ. ಶಾಲೆಯ ವ್ಯಾಕರಣದಲ್ಲೇ ಇದೆ.

ಮಾಟವೂ ಆಗದು. ಮಾಡು-ಮಾಟ ಸರಿ, ಆದರೆ ಪದದ ಅರ್ಥವನ್ನು ಧಾತು ಹೇಳುವುದಿಲ್ಲ, ಬಳಕೆ ಹೇಳುತ್ತದೆ. ‘ಯಾರೋ ಮಾಟ ಮಾಡಿಸಿದ್ದಾರೆ’ ಅಂದಾಗ ಕೇಳಿದವರ ಮುಖ ನೋಡಿ. ಕೆಡುಕು ಅನ್ನುವ ಅರ್ಥ ಬಿಟ್ಟು ಅಲ್ಲಿ ಬೇರೇನೂ ಇಲ್ಲ. ಕತ್ತಲಲ್ಲಿ ದೀಪ ಹೊತ್ತಿಸುವ ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಸಣ್ಣ ಮಂತ್ರ), ಎತ್ತರದಿಂದ ಬೀಳುವ ಗೆಳೆಯನನ್ನು ಗರಿಯಂತೆ ಇಳಿಸುವ ಮಂತ್ರ, ಇವನ್ನೆಲ್ಲ ಮಾಟ ಅಂತೀರಾ? ಮಂತ್ರಪುಸ್ತಕ, ಸಿದ್ಧಮಂತ್ರ, ಸ್ಲಾಟ್. ಮುಗಿಯಿತು. ಸುಮ್ನೆ ಎಳೆಯಬೇಡಿ.

ಮರು: ಸ್ಪೆಲ್‌ಬುಕ್, ಪ್ರಿಪೇರ್, ಸ್ಲಾಟ್

ಮುಗಿದಿಲ್ಲ. ಸಿದ್ಧಮಂತ್ರ ಬರೆದರೆ ನಿಯಮವೇ ತಲೆಕೆಳಗಾಗುತ್ತದೆ. ಮಂತ್ರಸಿದ್ಧಿ ಅಂದರೆ ನಮಗೆಲ್ಲ ಅರ್ಥವಾಗುವುದು ಏನು? ಸಾಧನೆ ಮಾಡಿ ಒಲಿಸಿಕೊಂಡದ್ದು, ಒಮ್ಮೆ ಸಿದ್ಧಿಸಿದರೆ ಕೊನೆತನಕ ಕೈಬಿಡದ್ದು. ಇಲ್ಲಿ ಪ್ರಿಪೇರ್ ಮಾಡಿದ್ದು ಹಾಗಲ್ಲ. ಮತ್ತೆ ನಿದ್ದೆ ಮಾಡಿ ಎದ್ದರೆ ಪಟ್ಟಿಯನ್ನೇ ಬದಲಿಸಬಹುದು. ಶಾಶ್ವತವಾಗಿರುವುದು ಪುಸ್ತಕದಲ್ಲಿ ಬರೆದದ್ದು, ಅದೂ ಪುಸ್ತಕ ಇರುವ ತನಕ. ಸಿದ್ಧಮಂತ್ರ ಎಂದು ಓದಿದ ಹೊಸಬರು ಆ 14ನ್ನೇ ಸಿದ್ಧ ಅಂದುಕೊಳ್ಳುತ್ತಾರೆ. ಪ್ರಶ್ನೆ ಕೇಳಿದವರು ತಪ್ಪಿಸಬೇಕು ಅಂದದ್ದು ಇದನ್ನೇ ಅಲ್ವಾ?

ಪುಸ್ತಕ ಸುಟ್ಟುಹೋಯಿತು ಅನ್ನಿ, ಆಗ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಬರೆದಿದ್ದ 14ರಲ್ಲಿ ಆ ದಿನಕ್ಕೆ ಆರಿಸಿಕೊಂಡಿದ್ದ 8 ಮಾತ್ರ ತಲೆಯಲ್ಲಿವೆ. ಆ 8ನ್ನು ಹೊಸ ಪುಸ್ತಕಕ್ಕೆ ಬರೆದುಕೊಳ್ಳಬಹುದು, ಮಂತ್ರದ ಪ್ರತಿ ಹಂತಕ್ಕೆ (ಹಂತ ಅಂದರೆ ಮಂತ್ರದ ಬಲದ ದರ್ಜೆ) 1 ಗಂಟೆ ಮತ್ತು 10 ಚಿನ್ನದ ನಾಣ್ಯ. ಉಳಿದ 6 ಹೋದವು. ಮತ್ತೆ ಎಲ್ಲಾದರೂ ಹುಡುಕಿ, ಹೊಸದಾಗಿ ಹಂತಕ್ಕೆ 2 ಗಂಟೆ, 50 ನಾಣ್ಯ ಸುರಿದು ಬರೆದುಕೊಳ್ಳಬೇಕು. ‘ಬರೆದದ್ದು’ ಮತ್ತು ‘ಅಣಿಮಾಡಿದ್ದು’ ಎರಡು ಬೇರೆ ಸ್ಥಿತಿ ಅನ್ನುವುದು ಪದದಲ್ಲೇ ಕಾಣಬೇಕು. ಅಣಿ ಸರಿಯಾದ ಪದ. ಹೊರಡುವ ಮುಂಚೆ ಅಣಿಯಾಗುತ್ತೇವೆ, ಆ ಹೊತ್ತಿಗೆ, ಆ ಕೆಲಸಕ್ಕೆ.

ಬಾಯಿಪಾಠ ಅನ್ನಬಹುದೇ ಎಂದು ಯಾರಾದರೂ ಕೇಳುವ ಮುಂಚೆ ಹೇಳಿಬಿಡುತ್ತೇನೆ. ಹಳೆಯ ಆವೃತ್ತಿಗಳಿಗೆ ಅದು ಹೊಂದುತ್ತಿತ್ತು. ಅಲ್ಲಿ ಒಂದೇ ಮಂತ್ರವನ್ನು ಎರಡು ಸಲ ಹಾಕಬೇಕಿದ್ದರೆ ಎರಡು ಸಲ ಕಲಿತಿಟ್ಟುಕೊಳ್ಳಬೇಕಿತ್ತು, ಪ್ರಯೋಗಿಸಿದ ಕೂಡಲೇ ಅದು ನೆನಪಿನಿಂದ ಅಳಿಸಿಹೋಗುತ್ತಿತ್ತು. 2014ರಲ್ಲಿ ಹಾಗಿಲ್ಲ. ಪ್ರಯೋಗಿಸಿದರೆ ಖರ್ಚಾಗುವುದು ಸ್ಲಾಟ್, ಮಂತ್ರ ಅಣಿಯಾಗೇ ಇರುತ್ತದೆ.

ಇನ್ನೊಂದು. ಪಾತ್ರಕ್ಕೂ ಮಟ್ಟ, ಮಂತ್ರಕ್ಕೂ ಮಟ್ಟ ಎಂದು ಬರೆಯಬೇಡಿ. ಮಂತ್ರಗಳ ಲೆಕ್ಕದಲ್ಲಿ 3ನೇದರ ಬೆಂಕಿಚೆಂಡು ವಿಝರ್ಡ್‌ಗೆ ಸಿಗುವುದು ಪಾತ್ರದ ಲೆಕ್ಕದಲ್ಲಿ 5ನೇದಕ್ಕೆ ಬಂದಾಗ. ಪಾತ್ರಕ್ಕೆ ಮಟ್ಟ, ಮಂತ್ರಕ್ಕೆ ಹಂತ ಎಂದು ಇಡಿ.

ಮರು: ಸ್ಪೆಲ್‌ಬುಕ್, ಪ್ರಿಪೇರ್, ಸ್ಲಾಟ್

ಇಷ್ಟೆಲ್ಲ ಮಾತಾಡಿದರೂ ಮೋಡಿ ಯಾರಿಗೂ ನೆನಪಾಗಲಿಲ್ಲವಲ್ಲ!

ಇಂಗ್ಲಿಷಿನ ಸ್ಪೆಲ್ ನೋಡಿ. ಅದರ ಹಳೆಯ ಅರ್ಥ ಮಾತು, ಕಥೆ. ಅಕ್ಷರ ಜೋಡಿಸುವ ಸ್ಪೆಲ್ಲಿಂಗೂ ಅದೇ ಬೇರಿನ ಕುಡಿ. ಗ್ಲ್ಯಾಮರ್ ಅನ್ನುವ ಮಾಯೆಯ ಪದ ಗ್ರ್ಯಾಮರ್‌ನಿಂದ ಬಂದದ್ದು. ಅಕ್ಷರಕ್ಕೂ ಮಾಯೆಗೂ ನಂಟು. ಕನ್ನಡದಲ್ಲಿ ಆ ನಂಟು ಒಂದೇ ಪದದಲ್ಲಿದೆ. ಮೋಡಿ ಅಂದರೆ ಮಾಯೆ, ಮೋಡಿ ಅಂದರೆ ಅಕ್ಷರಗಳನ್ನು ಕೂಡಿಸಿ ಬರೆಯುವ ಹಳೆಯ ಬರಹವೂ ಹೌದು, ಕಡತಗಳಲ್ಲಿ ಇರುತ್ತಿತ್ತಲ್ಲ, ರೂಢಿ ಇಲ್ಲದವರು ಓದಲಾರದ ಬರಹ. ಈಗ ಆಟದ ನಿಯಮ ನೋಡಿ: ಪ್ರತಿ ವಿಝರ್ಡ್ ತನ್ನದೇ ಸಂಕೇತಗಳಲ್ಲಿ ಬರೆಯುತ್ತಾನೆ, ಇನ್ನೊಬ್ಬನ ಪುಸ್ತಕದಿಂದ ಬರೆದುಕೊಳ್ಳಬೇಕಾದರೆ ಮೊದಲು ಆ ಬರಹವನ್ನು ಬಿಡಿಸಬೇಕು, ಆಮೇಲೆ ತನ್ನ ಸಂಕೇತಕ್ಕೆ ತರಬೇಕು, ಆ 2 ಗಂಟೆ, 50 ನಾಣ್ಯ ಹೋಗುವುದು ಅದಕ್ಕೇ. ಮೋಡಿಕಡತ! ಇದಕ್ಕಿಂತ ಒಳ್ಳೆಯ ಪದ ಯಾವ ಭಾಷೆಯಲ್ಲೂ ಸಿಗಲಾರದು.

ಮರು: ಸ್ಪೆಲ್‌ಬುಕ್, ಪ್ರಿಪೇರ್, ಸ್ಲಾಟ್

> ಮೋಡಿಕಡತ!

ಕಡತ ಅಂದರೆ ಇವತ್ತು ಕಚೇರಿಯ ಫೈಲು. ಬೇರೇನೂ ಅಲ್ಲ.

ಮೋಡಿಯನ್ನು ಮುಟ್ಟಲೇಬೇಡಿ, ಅದು ಬೇರೆ ಕಡೆ ಬೇಕು. ಆಟದಲ್ಲಿ ಚಾರ್ಮ್ ಅನ್ನುವ ಪ್ರತ್ಯೇಕ ಸ್ಥಿತಿ ಇದೆ. ಅದಕ್ಕೆ ಒಳಗಾದವನು ಮೋಡಿ ಹಾಕಿದವನ ಮೇಲೆ ದಾಳಿ ಮಾಡುವ ಹಾಗಿಲ್ಲ. ‘ಮೋಡಿಗೆ ಒಳಗಾದ’ ಅನ್ನುವುದು ಅದಕ್ಕೆ ಅಚ್ಚುಕಟ್ಟಾಗಿ ಕೂರುತ್ತದೆ. ಎಲ್ಲ ಮಂತ್ರವನ್ನೂ ಮೋಡಿ ಅಂದುಬಿಟ್ಟರೆ ಇದಕ್ಕೆ ಏನು ಉಳಿಯಿತು?

ಮರು: ಸ್ಪೆಲ್‌ಬುಕ್, ಪ್ರಿಪೇರ್, ಸ್ಲಾಟ್

ನನ್ನ ಮಾಟವನ್ನು ತಳ್ಳಿಹಾಕಿದವರು ಸ್ಲಾಟನ್ನು ಮಾತ್ರ ಕಣ್ಣುಮುಚ್ಚಿ ಒಳಗೆ ಬಿಟ್ಟುಕೊಂಡಿರಿ. ಇದೇ ನನ್ನ ತಕರಾರು. ಸಂಸ್ಕೃತದಿಂದ ತಂದರೆ ಪಾಂಡಿತ್ಯ, ಇಂಗ್ಲಿಷಿನಿಂದ ತಂದರೆ ಅನುಕೂಲ, ಕನ್ನಡದ್ದೇ ಕೊಟ್ಟರೆ ಹಟ. ಗೂಡು ಏಕೆ ಬೇಡ?

ಮರು: ಸ್ಪೆಲ್‌ಬುಕ್, ಪ್ರಿಪೇರ್, ಸ್ಲಾಟ್

ತಕರಾರು ಅರಬ್ಬಿ. ನೀವು ಬರೆಯುವ ಕಾಗದ ಪಾರಸಿ. ಅವನ್ನು ಹೊರಗೆ ಹಾಕಿ ಅಂತ ನಾನು ಹೇಳುತ್ತಿಲ್ಲ. ಬಂದವು, ನಮ್ಮ ಪ್ರತ್ಯಯ ಹಚ್ಚಿಕೊಂಡವು, ನಮ್ಮವಾದವು. ಸ್ಲಾಟೂ ಹಾಗೇ, ‘ಸ್ಲಾಟಿಗೆ’ ಎಂದು ವಿಭಕ್ತಿ ಹತ್ತಿದ ಮೇಲೆ ಅದು ಕನ್ನಡ ವಾಕ್ಯದ ಪದ.

ಗೂಡು ಬೇಡವಾಗಲು ಕಾರಣ ಬೇರೆ. ಗೂಡಿನಲ್ಲಿ ವಸ್ತು ಇಡುತ್ತೇವೆ. ಗೂಡು ಅಂದ ಕೂಡಲೇ ಈ ಮಂತ್ರ ಈ ಗೂಡಿನದ್ದು ಎಂದು ಹೊಸಬರು ಕಟ್ಟಿಹಾಕುತ್ತಾರೆ, ಅದು ಹಳೆಯ ಆವೃತ್ತಿಯ ಪದ್ಧತಿ. ಈಗ ಅಣಿಮಾಡಿದ ಯಾವ ಮಂತ್ರಕ್ಕೂ ಅದರ ಹಂತದ ಅಥವಾ ಮೇಲಿನ ಹಂತದ ಯಾವ ಸ್ಲಾಟನ್ನಾದರೂ ಖರ್ಚು ಮಾಡಬಹುದು.

ಮರು: ಸ್ಪೆಲ್‌ಬುಕ್, ಪ್ರಿಪೇರ್, ಸ್ಲಾಟ್

ಮಂತ್ರವನ್ನು ಕಾಪಿ ಮಾಡುವುದಕ್ಕೆ ನಕಲು ಎಂದು ಮಾತ್ರ ಬರೆಯಬೇಡಿ, ಅದು ಪರೀಕ್ಷೆಯ ಕೊಠಡಿಯ ಪದ. ಬರೆದುಕೊಳ್ಳು ಸಾಕು. ಮಂತ್ರ ಬರೆದಿರುವ ಸುರುಳಿಯಿಂದ (ಸ್ಕ್ರೋಲ್) ಬರೆದುಕೊಂಡರೆ, ಮಂತ್ರ ದಕ್ಕಲಿ ಬಿಡಲಿ, ಸುರುಳಿ ನಾಶವಾಗುತ್ತದೆ ಅನ್ನುವುದನ್ನೂ ಪುಟದಲ್ಲಿ ಸೇರಿಸಿ. ಕ್ಯಾಂಟ್ರಿಪ್‌ಗೆ ಚಿಟಿಕೆಮಂತ್ರ ಅನ್ನಿ. ಪುಸ್ತಕ ಬೇಡ, ಸ್ಲಾಟ್ ಬೇಡ, ಚಿಟಿಕೆ ಹೊಡೆಯುವಷ್ಟರಲ್ಲಿ ಆಗುವುದು.

ಮರು: ಸ್ಪೆಲ್‌ಬುಕ್, ಪ್ರಿಪೇರ್, ಸ್ಲಾಟ್

ಎಲ್ಲರಿಗೂ ಧನ್ಯವಾದ. ಮಂತ್ರವನ್ನು ಬಿಡುವುದಿಲ್ಲ. ಮಂತ್ರಪುಸ್ತಕ ಅಂದರೆ ಪೂಜೆಯ ಪುಸ್ತಕ ಎಂದು ಕೇಳಿಸುತ್ತದೆ, ಮಂತ್ರಹೊತ್ತಗೆ ಅಂದರೆ ಅರಿಸಮಾಸ ಎಂದು ನೀವೇ ಬರುತ್ತೀರಿ. ಹಾಗಾಗಿ ಬಿಡಿಸಿ ‘ಮಂತ್ರದ ಹೊತ್ತಗೆ’ ಎಂದು ಇಟ್ಟಿದ್ದೇನೆ. ತದ್ಭವವಾದರೂ ಚೆನ್ನಾಗಿದೆ, ಸಾಮಾನ್ಯ ಪುಸ್ತಕದಿಂದ ಬೇರೆ ಎಂದೂ ಗೊತ್ತಾಗುತ್ತದೆ. ಪುಟದಲ್ಲಿ ಹೀಗೆ ಹೋಗುತ್ತದೆ:

‘ಹೊತ್ತಗೆಯಲ್ಲಿ ಬರೆದದ್ದು 14. ಈ ದಿನಕ್ಕೆ ಅಣಿಮಾಡಿದ್ದು 8. ಸ್ಲಾಟ್ 9: 1ನೇ ಹಂತದವು 4, 2ನೇ ಹಂತದವು 3, 3ನೇ ಹಂತದವು 2. ಚಿಟಿಕೆಮಂತ್ರಕ್ಕೆ ಲೆಕ್ಕವಿಲ್ಲ, ಎಷ್ಟು ಸಲ ಬೇಕಾದರೂ ಹಾಕಿ.’

ಒಂದು ಉಳಿದಿದೆ, ರಿಚುಯಲ್. ಆ ಗುರುತಿರುವ ಮಂತ್ರವನ್ನು ವಿಝರ್ಡ್ ಅಣಿಮಾಡದೆಯೇ, ಸ್ಲಾಟ್ ಖರ್ಚಿಲ್ಲದೆ, ಹೊತ್ತಗೆ ಎದುರಿಗಿಟ್ಟುಕೊಂಡು ಮಾಡಬಹುದು, 10 ನಿಮಿಷ ಜಾಸ್ತಿ ಹಿಡಿಯುತ್ತದೆ ಅಷ್ಟೇ. ವಿಧಿ ಅಂದರೆ ಹಣೆಬರಹ ಅಂದುಕೊಂಡಾರು, ಆಚರಣೆ ಅಂದರೆ ಹಬ್ಬದಂತೆ ಕೇಳಿಸುತ್ತದೆ. ‘ಓದಿ ಮಾಡುವ ಮಂತ್ರ’ ಎಂದು ಸದ್ಯಕ್ಕೆ ಬರೆದಿದ್ದೇನೆ. ನಾಳೆ ಮಧ್ಯಾಹ್ನ ಅಚ್ಚಿಗೆ ಕೊಡುತ್ತೇನೆ, ಅಷ್ಟರಲ್ಲಿ ಯಾರಾದರೂ ಚಿಕ್ಕದು ಕೊಟ್ಟರೆ ಬದಲಿಸುತ್ತೇನೆ.