ಸಹಾಯ ಬೇಕು: 1999ರ ಸೋಲ್ ರೀವರ್ ಗೇಮ್ ಹೊಸ ಲ್ಯಾಪ್‌ಟಾಪ್‌ನಾಗ ಓಡವಲ್ದು

ನಮಸ್ಕಾರ್ರಿ ಎಲ್ಲಾರಿಗೂ. ನಾ ಹುಬ್ಬಳ್ಳಿಯಾಂವ, ಈಗ ಪುಣೆ ಕೋಥ್ರೂಡ್‌ನಾಗ ಇರ್ತೀನಿ. ಮೊನ್ನೆ ಊರಿಗೆ ಹೋದಾಗ ಟ್ರಂಕಿನಾಗ ನಮ್ಮಣ್ಣನ ಲೆಗಸಿ ಆಫ್ ಕೇನ್ ಸೋಲ್ ರೀವರ್ ಸೀಡಿ ಸಿಕ್ತು, ಮ್ಯಾಲ ಮಾರ್ಕರ್‌ನಿಂದ ಅವನ ಕೈಬರಹ ಹಂಗ ಐತಿ, ಅದನ್ನ ಇಲ್ಲಿಗೆ ತಂದು ಯುಎಸ್‌ಬಿ ಡ್ರೈವ್ ಹಚ್ಚಿ ಇನ್‌ಸ್ಟಾಲ್ ಮಾಡೀನಿ.

ವಿಂಡೋಸ್ 11, 16 ಜಿಬಿ ರ‍್ಯಾಮ್, 144 ಹರ್ಟ್ಜ್ ಸ್ಕ್ರೀನ್. ಶುರುವಿನ ವಿಡಿಯೋ ಚಲೋ ಬರ್ತೈತಿ, ರಕ್ತಪಿಶಾಚಿಗಳ ರಾಜ ಕೇನ್ ನಮ್ಮ ಹೀರೋ ರಝಿಯೆಲ್‌ನ ರೆಕ್ಕಿ ಹರಿಯೋದು, ಅವನ್ನ ಸುಳಿಯೊಳಗ ಎಸಿಯೋದು ಎಲ್ಲಾ ಕಾಣ್ತೈತಿ, ಆಮ್ಯಾಲೆ ಆಟ ಚಾಲೂ ಆಗೂ ಹೊತ್ತಿಗೆ ಸ್ಕ್ರೀನ್ ಕರ್ರಗ, ಬರೇ ಮ್ಯೂಸಿಕ್ ಕೇಳ್ತೈತಿ, ಆಲ್ಟ್ ಟ್ಯಾಬ್ ಒತ್ತಿದ್ರ ಪೂರಾ ಬಂದ್.

ಕಂಪ್ಯಾಟಿಬಿಲಿಟಿ ಮೋಡ್ (ಹಳೇ ವಿಂಡೋಸ್‌ನಂಗ ಓಡ್ಸೋದು) ವಿಂಡೋಸ್ ಎಕ್ಸ್‌ಪಿಗೆ ಇಟ್ಟು ನೋಡ್ದೆ, ಅಡ್ಮಿನ್ ಆಗಿ ಓಡ್ಸ್ದೆ, ಸ್ಕ್ರೀನ್ 60 ಹರ್ಟ್ಜ್‌ಗೆ ಇಳಿಸ್ದೆ, ಏನೂ ಫರಕ್ ಇಲ್ಲ. ಡಿಜಿವೂಡೂ ಅಂತ ಪ್ರೋಗ್ರಾಂ ಐತಲ್ಲ, ಹಳೇ ಗೇಮ್‌ಗಳ ಡೈರೆಕ್ಟ್‌ಎಕ್ಸ್ ಗ್ರಾಫಿಕ್ಸ್ ಕರೆಗಳನ್ನ ಹೊಸ ಡೈರೆಕ್ಟ್3ಡಿ 11ಕ್ಕ ಬದಲಿ ಮಾಡೋದು, ಅದರ ಡಿಡ್ರಾ ಡಿಎಲ್‌ಎಲ್ ಫೈಲ್ ಗೇಮ್ ಫೋಲ್ಡರ್‌ನಾಗ ಹಾಕೀನಿ, ಆದ್ರ ಲ್ಯಾಪ್‌ಟಾಪ್‌ನಾಗ ಎರಡು ಗ್ರಾಫಿಕ್ಸ್ ಚಿಪ್ ಅದಾವು, ಡಿಜಿವೂಡೂ ಸೆಟ್ಟಿಂಗ್ಸ್‌ನಾಗ ಯಾವುದನ್ನ ಆರಿಸ್ಬೇಕು, ವಿಡಿಯೋ ಮೆಮರಿ ಎಷ್ಟು ಕೊಡ್ಬೇಕು ತಿಳಿವಲ್ದು.

2024ರಾಗ ಇದರ ರೀಮಾಸ್ಟರ್ (ಹೊಸದಾಗಿ ತಿದ್ದಿದ ಆವೃತ್ತಿ) ಬಂದೈತಿ, ಗೊತ್ತೈತ್ರಿ. ಆದ್ರ ಆಟದಾಗ ರಝಿಯೆಲ್ ಆತ್ಮಲೋಕಕ್ಕ ಹೋಗೂ ಮುಂದ ಗೋಡಿ ಕಂಬ ಎಲ್ಲಾ ಕಣ್ಣೆದುರಿಗೇ ತಿರುಚಿಕೊಳ್ತಾವಲ್ಲ, ಅದನ್ನ ಅಣ್ಣನ ಪಕ್ಕ ಕುಂತು ನೋಡಿದ್ದು ಇದೇ ಸೀಡಿಯಾಗ, ನನಗ ಇದೇ ಓಡ್ಬೇಕು. ದೀಪಾವಳಿಗೆ ಅಂವ ಇಲ್ಲಿ ಬರ್ತಾನ.

ಯಾರಾದ್ರೂ ವಿಂಡೋಸ್ 11ರಾಗ ಓಡಿಸಿದ್ರ ನಿಮ್ಮ ಸೆಟ್ಟಿಂಗ್ಸ್ ಸ್ಕ್ರೀನ್‌ಶಾಟ್ ಹಾಕ್ರಿ, ದಯವಿಟ್ಟು. ಪುಣೆದಾಗ ಇದ್ದವ್ರು ಹೇಳಿದ್ರ ಲ್ಯಾಪ್‌ಟಾಪ್ ತಗೊಂಡು ನಾನ ಬರ್ತೀನಿ.