ಒಂಬತ್ತನೇ ಸೆಕೆಂಡು

"ಎಂಟೇ ಸೆಕೆಂಡಾ? ನಾನು ಕಡಲೆಕಾಯಿ ಸಿಪ್ಪೆ ಬಿಡಿಸೋದ್ರೊಳಗೆ ಆಟ ಮುಗಿದೇ ಹೋಯ್ತಲ್ಲೋ!" ಅಂದ ಮೂರ್ತಿ.

ಅಮೆರಿಕದ ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ, ಕೌಟೌನ್ ಕೊಲಿಸಿಯಂ ಅನ್ನೋ ಕ್ರೀಡಾಂಗಣದಲ್ಲಿ ರೋಡಿಯೋ, ಅಂದರೆ ಕೌಬಾಯ್‌ಗಳ ಗೂಳಿ, ಕುದುರೆ ಪಂದ್ಯ, ನೋಡಿಕೊಂಡು ಡಲ್ಲಾಸ್ ಕಡೆ ವಾಪಸ್ ಬರುತ್ತಿದ್ದೆವು. ಮೂರ್ತಿ ಮೈಸೂರಿನವನು, ಎಲ್ಲದಕ್ಕೂ ಲೆಕ್ಕ. ಸೀನ ಹಾವೇರಿ ಕಡೆಯವನು. ಪದ್ಮ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದಳು. ಸ್ಟೀರಿಂಗ್ ನನ್ನ ಕೈಲಿತ್ತು, ಬಾಯಿ ಮಾತ್ರ ಖಾಲಿ.

"ಎಂಟು ಸೆಕೆಂಡು ಅಂದ್ರೆ ಎಷ್ಟು ಅಂತ ಗೂಳಿ ಮೇಲೆ ಕೂತವನನ್ನ ಕೇಳು," ಅಂದೆ. "ಅಷ್ಟು ಹೊತ್ತು ಬೀಳದೆ ಕೂತಿರಬೇಕು. ಒಂದೇ ಕೈಯಲ್ಲಿ ಹಗ್ಗ ಹಿಡೀಬೇಕು. ಇನ್ನೊಂದು ಕೈ ಗಾಳಿಯಲ್ಲೇ ಇರಬೇಕು. ಗೂಳಿಗೆ ತಾಗಿದ್ರೂ ಸೊನ್ನೆ, ತನ್ನ ಮೈಗೆ ತಾಗಿದ್ರೂ ಸೊನ್ನೆ."

"ಮೂಗು ತುರಿಸಿದ್ರೆ?"

"ಅಷ್ಟು ಪುರುಸೊತ್ತು ಗೂಳಿ ಕೊಡಲ್ಲ ಕಣೋ."

ಸವಾರಿಗಿಂತ ಮುಂಚಿನ ಅರ್ಧ ನಿಮಿಷ ನೋಡಬೇಕು. ಇಕ್ಕಟ್ಟಾದ ಕಬ್ಬಿಣದ ಕಟಾಂಜನದೊಳಗೆ ಗೂಳಿ ಬುಸುಗುಡುತ್ತಿರುತ್ತದೆ. ಸವಾರ ಮೇಲಿಂದ ನಿಧಾನಕ್ಕೆ ಇಳಿದು ಅದರ ಬೆನ್ನ ಮೇಲೆ ಕೂರುತ್ತಾನೆ. ಹಗ್ಗಕ್ಕೆ ಬಳಿದ ರಾಳವನ್ನು ಗ್ಲೌಸಿನಿಂದ ತಿಕ್ಕಿ ತಿಕ್ಕಿ ಬಿಸಿ ಮಾಡುತ್ತಾನೆ, ಅಂಟು ಬರಲಿ ಅಂತ. ಹಗ್ಗವನ್ನು ಅಂಗೈಗೆ ಸುತ್ತಿ, ಇನ್ನೊಂದು ಮುಷ್ಟಿಯಿಂದ ಬೆರಳ ಮೇಲೆ ಗುದ್ದಿ ಬಿಗಿ ಮಾಡಿಕೊಳ್ಳುತ್ತಾನೆ. ಗೂಳಿಯ ಹೊಟ್ಟೆ ಕೆಳಗೆ ಹಗ್ಗಕ್ಕೆ ಒಂದು ಗಂಟೆ ಕಟ್ಟಿರುತ್ತಾರೆ. ಪೂಜೆಗಲ್ಲ. ಸವಾರ ಕೈ ಬಿಟ್ಟ ಮೇಲೆ ಅದರ ಭಾರಕ್ಕೆ ಹಗ್ಗ ಜಾರಿ ಬೀಳಲಿ ಅಂತ. ಆಮೇಲೆ ಅವನು ಒಂದು ಸಲ ತಲೆ ಆಡಿಸುತ್ತಾನೆ. ಗೇಟು ಧಡ್ ಅಂತ ತೆರೆಯುತ್ತದೆ.

"ಅದಕ್ಕೇ ನಮ್ಮವರು ಈ ಆಟಕ್ಕೆ ಬರಲ್ಲ," ಅಂದಳು ಪದ್ಮ. "ನಾವು ತಲೆ ಅಲ್ಲಾಡಿಸಿದ್ರೆ ಹೂಂ ಅಂದ್ವೋ ಉಹೂಂ ಅಂದ್ವೋ ಗೊತ್ತಾಗದೆ ಗೇಟಿನವನು ಬೆಳಗಿನ ತನಕ ಕಾಯಬೇಕು."

ಸೀನ ಮಾರ್ಕ್ಸಿನ ವಿಷಯ ತೆಗೆದ. "ನೂರಕ್ಕೆ ಲೆಕ್ಕ. ಐವತ್ತು ಸವಾರನಿಗೆ, ಐವತ್ತು ಗೂಳಿಗೆ."

ಮೂರ್ತಿ ಎದ್ದು ಕೂತ. "ಗೂಳಿಗಾ?"

"ಎಷ್ಟು ಎತ್ತರ ಹಾರಿತು, ಹೆಂಗ ಒದೀತು, ಹೆಂಗ ಗಿರಗಿರ ತಿರುಗಿತು, ಎಲ್ಲ ನೋಡ್ತಾರಪಾ."

"ಅಂದ್ರೆ ಪರೀಕ್ಷೆ ಬರೆದವನಿಗೆ ಅರ್ಧ, ಪ್ರಶ್ನೆಪತ್ರಿಕೆಗೆ ಅರ್ಧ!"

"ಹೂಂ. ಗೂಳಿ ಸರಿಯಾಗಿ ಕುಣೀಲಿಲ್ಲ ಅಂದ್ರ ಸವಾರಗ ಇನ್ನೊಂದು ಗೂಳಿ ಸಿಗಬಹುದು."

"ಪೇಪರ್ ಸುಲಭ ಆಯ್ತು ಅಂತ ಮರುಪರೀಕ್ಷೆನಾ? ನಮ್ಮೂರಲ್ಲಾದ್ರೆ ಸ್ಟ್ರೈಕ್ ಆಗ್ತಿತ್ತು."

ಸೀನನಿಗೆ ಇದರಲ್ಲಿ ಆಶ್ಚರ್ಯವೇ ಇರಲಿಲ್ಲ. ದೀಪಾವಳಿ ಸಮಯದಲ್ಲಿ ಅವರ ಕಡೆ ಹೋರಿ ಹಬ್ಬ. ಮೇಲೆ ಹತ್ತುವ ಮಾತಿಲ್ಲ. ಓಡುವ ಹೋರಿಯ ಕೊರಳಿಗೆ ಕಟ್ಟಿದ ಕೊಬ್ಬರಿಯನ್ನು ಕಿತ್ತುಕೊಳ್ಳಬೇಕು. ಯಾರ ಕೈಗೂ ಸಿಗದೆ ಹೋದ ಹೋರಿಯೇ ಹೀರೋ, ಅದರ ಹೆಸರು ಊರಿಗೆಲ್ಲ ಬಾಯಿಪಾಠ. "ಇಲ್ಲೂ ಹಂಗ," ಅಂದ. "ರೆಡ್ ರಾಕ್ ಅಂತ ಒಂದು ಗೂಳಿ ಇತ್ತು. ಸ್ಪರ್ಧೆಯೊಳಗ 300ಕ್ಕೂ ಹೆಚ್ಚು ಸಲ ಅದರ ಮ್ಯಾಲೆ ಹತ್ತಿದ್ರು. ಒಬ್ಬನೂ ಎಂಟು ಸೆಕೆಂಡು ಕೂಡಲಿಲ್ಲ. ಕಡೀಗೆ 1988ರಾಗ ಲೇನ್ ಫ್ರಾಸ್ಟ್ ಅನ್ನೋ ಚಾಂಪಿಯನ್ ಜೊತೆ ಏಳು ಸುತ್ತಿನ ಪಂದ್ಯ ಇಟ್ರು. ಫ್ರಾಸ್ಟ್ ನಾಲ್ಕು ಗೆದ್ದ."

"ಮತ್ತೆ ಮೂರು?"

"ಗೂಳಿ ಗೆದ್ದಿತು. ಬಿಡ್ತದೇನು?"

ಮುಂದಿನ ವರ್ಷವೇ, 1989ರಲ್ಲಿ, ಅದೇ ಫ್ರಾಸ್ಟ್ ವಯೋಮಿಂಗ್‌ನ ಶಯಾನ್ ಊರಿನಲ್ಲಿ ತೀರಿಕೊಂಡ. ಎಂಟು ಸೆಕೆಂಡು ಪೂರ್ತಿ ಮಾಡಿ ಕೆಳಗಿಳಿದಿದ್ದ. ಗೂಳಿ ಹಿಂದಿನಿಂದ ಬಂದು ಗುದ್ದಿತು. ಅವನ ಜೊತೆಗಾರ ಕೋಡಿ ಲ್ಯಾಂಬರ್ಟ್ ಆಮೇಲೆ ಸವಾರರಿಗಾಗಿ ರಕ್ಷಣಾ ಜಾಕೆಟ್ ತಯಾರಿಸಿದ. ನಾವು ನೋಡಿದ ಸವಾರರ ಎದೆಗವಚ ಅದರದ್ದೇ ವಂಶ.

ನನ್ನ ಪ್ರಕಾರ ಈ ಆಟದ ರೋಮಾಂಚನ ಇರೋದು ಆ ಒಂಬತ್ತನೇ ಸೆಕೆಂಡಿನಲ್ಲೇ. ಬಜರ್ ಹೊಡೆಯುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ, ಮಾರ್ಕ್ಸು ಬರುತ್ತದೆ. ಆದರೆ ಆಟ ಮುಗಿಯಿತು ಅಂತ ಗೂಳಿಗೆ ಹೇಳೋರು ಯಾರು? ಬಿದ್ದವನು ಮಣ್ಣು ಝಾಡಿಸಿಕೊಳ್ಳುವ ಹಾಗಿಲ್ಲ, ಓಡಬೇಕು. ಆಗ ಬುಲ್‌ಫೈಟರ್‌ಗಳು ನಡುವೆ ನುಗ್ಗುತ್ತಾರೆ. ಕೈಯಲ್ಲಿ ಕತ್ತಿ ಇಲ್ಲ, ಕೆಂಪು ಬಟ್ಟೆಯೂ ಇಲ್ಲ. ಗೂಳಿಯ ಮೂತಿಯ ಮುಂದೆಯೇ ಓಡಿ, ಗಕ್ಕನೆ ಪಕ್ಕಕ್ಕೆ ತಿರುಗಿ, "ಅವನನ್ನ ಬಿಡು, ನನ್ನನ್ನ ಅಟ್ಟಿಸಿಕೊಂಡು ಬಾ" ಅನ್ನುವ ಕೆಲಸ. ಅದಕ್ಕೆ ಮಾರ್ಕ್ಸೂ ಇಲ್ಲ!

"ಎಲ್ಲ ಸರಿ, ಆ ಕರುಗಳಿಗೆ ಹಗ್ಗ ಬೀಸಿ ಕೆಡವೋದು ನನಗೆ ಹಿಡಿಸಲಿಲ್ಲ," ಅಂದಳು ಪದ್ಮ. ನನಗೂ ಹಿಡಿಸಲಿಲ್ಲ. ಹುಲ್ಲುಗಾವಲಿನಲ್ಲಿ ಕರುವಿಗೆ ಮದ್ದು ಹಾಕಲು, ಬರೆ ಎಳೆಯಲು ಕಲಿತ ವಿದ್ಯೆ ಅದು, ನಿಜ. ಪ್ರೇಕ್ಷಕರ ಮುಂದೆ ಮಾಡುವಾಗ ಕಣ್ಣು ಬೇರೆ ಕಡೆ ಹೋಗುತ್ತದೆ. ಪದ್ಮಳಿಗೆ ಇಷ್ಟವಾಗಿದ್ದು ಬ್ಯಾರೆಲ್ ರೇಸ್. ಹುಡುಗಿಯರು ಕುದುರೆ ಮೇಲೆ ಮೂರು ಪೀಪಾಯಿ ಸುತ್ತಿ ಬರಬೇಕು. ಕುದುರೆ ನೆಲಕ್ಕೆ ವಾಲಿಕೊಂಡು ತಿರುಗುತ್ತದೆ. ಒಂದು ಪೀಪಾಯಿ ಉರುಳಿದರೆ ಐದು ಸೆಕೆಂಡು ದಂಡ, ಗೆಲುವು ಸೋಲು ಮಾತ್ರ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. "ವಾಲಿದ ಪೀಪಾಯಿನ ಕೈಯಲ್ಲಿ ಹಿಡಿದು ನಿಲ್ಲಿಸಬಹುದಂತೆ, ಅದಕ್ಕೆ ದಂಡ ಇಲ್ಲ," ಅಂದಳು.

ಮೂರ್ತಿ ಯೋಚನೆಯಲ್ಲಿದ್ದ. "ಮಕ್ಕಳು ಕುರಿ ಮೇಲೆ ಸವಾರಿ ಮಾಡೋದೂ ಇದೆ ಅಲ್ವಾ?"

"ಇದೆ. ಹೆಲ್ಮೆಟ್ ಹಾಕಿಸಿ ಬಿಡ್ತಾರೆ. ಕುರಿ ಓಡುತ್ತೆ, ಮಗು ಜಾರುತ್ತೆ, ಅಪ್ಪ ಫೋನಲ್ಲಿ ವಿಡಿಯೋ ಹಿಡೀತಾನೆ."

"ನನಗೆ ಕೊಡ್ತಾರಾ?"

"ನಿನಗಾ? ಮೊದಲು ಕುರಿ ತಲೆ ಆಡಿಸಬೇಕು," ಅಂದಳು ಪದ್ಮ.