ಸಹಾಯ ಬೇಕು: ನಾಲ್ಕು ಕಡೆ ಇರುವ ಫೋಟೋಗಳನ್ನು ಒಂದೇ ಕಡೆ ಸೇರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮನೆಯ ಕಂಪ್ಯೂಟರ್ ವಿಂಡೋಸ್ 11. ಫೋಟೋಗಳು ಮಾತ್ರ ನಾಲ್ಕು ಕಡೆ ಚೆಲ್ಲಾಪಿಲ್ಲಿ: ಪಿಕಾಸಾ (ಗೂಗಲ್‌ನ ಹಿಂದಿನ ಫೋಟೋ ಸಾಫ್ಟ್‌ವೇರ್) ಕಾಲದ ಹಳೆಯ ಫೋಲ್ಡರ್‌ಗಳು, ಹೆಂಡತಿಯ ಲ್ಯಾಪ್‌ಟಾಪ್, ಅಪ್ಪನ ಪೆನ್‌ಡ್ರೈವ್, ಗೂಗಲ್ ಫೋಟೋಸ್‌ನಿಂದ ಟೇಕ್‌ಔಟ್ (ಎಲ್ಲ ಒಟ್ಟಿಗೆ ಡೌನ್‌ಲೋಡ್) ಮಾಡಿಕೊಂಡ ಜಿಪ್‌ಗಳು. ಒಟ್ಟು ಸುಮಾರು 40 ಸಾವಿರ. ಎಲ್ಲವನ್ನೂ ಒಂದೇ 2 ಟಿಬಿ ಡಿಸ್ಕ್‌ಗೆ ಹಾಕಿ, ವರ್ಷ, ತಿಂಗಳ ಪ್ರಕಾರ ಜೋಡಿಸಬೇಕು.

ಸುಮ್ನೆ ಕಾಪಿ ಮಾಡಿದರಾಯಿತು ಅಂದುಕೊಂಡಿದ್ದೆ. ಎರಡನೇ ಫೋಲ್ಡರ್‌ಗೇ ಸಿಕ್ಕಿಬಿದ್ದೆ. ಕ್ಯಾಮೆರಾ 9999 ಮುಟ್ಟಿದ ಮೇಲೆ ಮತ್ತೆ ಮೊದಲಿಂದ ಎಣಿಸುತ್ತದೆ ಅಲ್ವಾ? ಮಗನ ನಾಮಕರಣದ್ದೂ 'ಡಿಎಸ್‌ಸಿ_0412', ಜೋಗದ ಪ್ರವಾಸದ್ದೂ ಅದೇ ಹೆಸರು. 'ರಿಪ್ಲೇಸ್' ಒತ್ತಿದ್ದರೆ ನಾಮಕರಣವೇ ಮಾಯ!

ತಲೆನೋವು ಜಾಸ್ತಿ ಇರುವುದು ತಾರೀಕಿನದು. ಟೇಕ್‌ಔಟ್‌ನಲ್ಲಿ ಫೋಟೋ ಪಕ್ಕದಲ್ಲೇ ಫೋಟೋದ ವಿವರ ಬರೆದಿಟ್ಟ ಒಂದು ಜೇಸನ್ (.json) ಫೈಲ್ ಇದೆ. ತೆಗೆದ ದಿನ ಅದರಲ್ಲಿದೆ. ಅದನ್ನು ಎಕ್ಸಿಫ್‌ಟೂಲ್ ಅನ್ನುವ ಪ್ರೋಗ್ರಾಂನಿಂದ ಫೋಟೋದೊಳಗೇ ಬರೆಸಬಹುದಂತೆ. ಯಾರಾದರೂ ಮಾಡಿದ್ದೀರಾ? ಕಮಾಂಡ್ ಹಾಕಿದರೆ ಉಪಕಾರವಾಗುತ್ತದೆ. ಇನ್ನು ಹಳೆಯ ಕ್ಯಾಮೆರಾದ ಬ್ಯಾಟರಿ ಸತ್ತು ಗಡಿಯಾರ ಹಿಂದಕ್ಕೆ ಹೋಗಿತ್ತು. ತಂಗಿಯ ಮದುವೆ ಆಗಿದ್ದು 2011ರಲ್ಲಿ, ಫೋಟೋದಲ್ಲಿ 2005ರ ಜನವರಿ 1.

ಡಿಜಿಕ್ಯಾಮ್ ಅನ್ನುವ ಫೋಟೋ ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ. ಒಂದೇ ತರಹದ ಚಿತ್ರಗಳನ್ನು ಹುಡುಕಿಕೊಡುತ್ತದೆ, ಚೆನ್ನಾಗಿದೆ. ಆದರೆ ವಾಟ್ಸಾಪ್‌ನಲ್ಲಿ ಬಂದ ಚಿಕ್ಕ ಕಾಪಿ ತೆಗೆದು, ದೊಡ್ಡ ಒರಿಜಿನಲ್ ಮಾತ್ರ ಉಳಿಸುವ ಸುಲಭ ದಾರಿ ಇದೆಯಾ? ಒಂದೊಂದೇ ನೋಡುತ್ತಾ ಕೂತರೆ ಮಗನ ಮದುವೆ ಹೊತ್ತಿಗೆ ಮುಗಿಯಬಹುದು.

ಬ್ಯಾಕಪ್ ಇದೆ, ಅದಕ್ಕೆ ಬೈಯಬೇಡಿ. ಡಬಲ್ ತೆಗೆಯುವುದು ಮೊದಲೋ, ತಾರೀಕು ಸರಿಮಾಡುವುದು ಮೊದಲೋ, ಅದನ್ನೂ ಹೇಳಿ.